ಸುಳಿಯ ಬಲವೊಂದೇ ಸಾಲದು

ಮೂತಿ ಎತ್ತಿ ಇಳಿಸುವ ರೆಕ್ಕೆಯ ಸುತ್ತಲಿನ ಸುಳಿಗಳನ್ನು ಅಳೆದು ಬಲವನ್ನು ಅಂದಾಜಿಸುವುದರ ಬಗ್ಗೆ ಕನ್ನಡದಲ್ಲಿ ಬರೆದ ಲೇಖಕರಿಗೆ ವಂದನೆಗಳು. ಆದರೆ ಸುಳಿಯ ಪರಿಚಲನೆ (ಅದರ ತಿರುಗಾಟದ ಒಟ್ಟು ಪ್ರಮಾಣ) ತಿಳಿದರೆ ಎತ್ತುವ ಬಲವೂ ತಿಳಿದಂತೆ ಎಂಬ ಅವರ ಮಾತನ್ನು ಒಪ್ಪಲಾರೆ.

ಸಾಂದ್ರತೆ, ವೇಗ, ಪರಿಚಲನೆಗಳನ್ನು ಗುಣಿಸಿ ಎತ್ತುವ ಬಲ ಕೊಡುವ ಕುಟ್ಟಾ–ಜುಕೋವ್ಸ್ಕಿ ಸೂತ್ರ ಸ್ಥಿರ ಹರಿವಿಗೆ ಸರಿ. ಇಲ್ಲಿಯೋ, ಮುಂದಿನ ಅಂಚಿನಲ್ಲಿ ಸುಳಿ ಹುಟ್ಟಿ, ಬೆಳೆದು, ಕಳಚಿಕೊಂಡು ಹಿಂದಕ್ಕೆ ಸಾಗುತ್ತದೆ. ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಸಮಾನ ಪರಿಚಲನೆಯ ಸುಳಿಗಳ ಆವೇಗ (ಅವು ಹರಿವಿಗೆ ಕೊಟ್ಟ ಒಟ್ಟು ತಳ್ಳುವಿಕೆ) ಎಂದರೆ ಸಾಂದ್ರತೆ, ಪರಿಚಲನೆ ಮತ್ತು ನಡುವಿನ ಅಂತರದ ಗುಣಲಬ್ಧ. ಬಲ ಸಿಗುವುದು ಈ ಆವೇಗ ಬದಲಾಗುವ ದರದಿಂದ. ಸುಳಿ ಬೆಳೆಯುವುದು ನಿಂತರೂ ಅಂತರ ಹಿಗ್ಗುತ್ತಿದ್ದರೆ ಬಲ ಇದ್ದೇ ಇರುತ್ತದೆ! ರೆಕ್ಕೆ ತನ್ನೊಡನೆ ತಳ್ಳುವ ದ್ರವದ ಜಡತ್ವವನ್ನೂ ಸೇರಿಸಬೇಕು.

ಅಳತೆಯ ತೊಡಕೂ ಸಣ್ಣದಲ್ಲ. ಲೇಸರ್ ಹಾಳೆಯಲ್ಲಿ ಹೊಳೆಯುವ ಕಣಗಳ ಎರಡು ಚಿತ್ರಗಳನ್ನು ಹೋಲಿಸಿ ವೇಗ ತಿಳಿಯುತ್ತೇವೆ. ಸುಳಿತನಕ್ಕಾಗಿ (ಹರಿವು ಪ್ರತಿ ಬಿಂದುವಿನಲ್ಲಿ ಎಷ್ಟು ತಿರುಗುತ್ತಿದೆ ಎಂಬುದಕ್ಕಾಗಿ) ಅದನ್ನು ಜಾಗದ ಮೇಲೆ, ಬಲಕ್ಕಾಗಿ ಮತ್ತೆ ಕಾಲದ ಮೇಲೆ ಅವಕಲಿಸುವಾಗ, ಅಂದರೆ ಬದಲಾವಣೆಯ ದರ ಕಂಡುಹಿಡಿಯುವಾಗ, ಸಣ್ಣ ದೋಷಗಳೂ ಉಬ್ಬುತ್ತವೆ. ಹಳೆಯ ಸುಳಿ ಕ್ಯಾಮೆರಾದ ಚೌಕಟ್ಟು ದಾಟಿದರೆ, ಅದು ಹೊತ್ತೊಯ್ದ ಆವೇಗದ ಪಾಲನ್ನು ಅಂಚಿನಲ್ಲಿ ಲೆಕ್ಕ ಹಿಡಿಯಲೇಬೇಕು.

ತುಮಕೂರಿನವನಾಗಿ ಇನ್ನೊಂದು ಕೋರಿಕೆ. ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ವೇಗವಾಗಿ ಮುಂದಕ್ಕೆ ಹಾರುವ ಹೆಲಿಕಾಪ್ಟರಿನಲ್ಲಿ ಹಿಂದಕ್ಕೆ ಸರಿಯುವ ಬದಿಯ ಅಲಗಿನ ಮೇಲೂ ಇಂಥದೇ ಸುಳಿ ಕಳಚಿ, ಅಲಗನ್ನು ತಿರುಚುವ ಹೊರೆ ಹಠಾತ್ತನೆ ಏರಬಹುದು. ಮುಂದಿನ ಲೇಖನದಲ್ಲಿ ದಯವಿಟ್ಟು ಅದನ್ನು ವಿವರಿಸಿ. ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಖಂಡಿತ ಓದುತ್ತಾರೆ.