ಸ್ಪಷ್ಟನೆ: ಇಂಗ್ಲೆಂಡಿನ ಮಾಡಿನಿಂದ ಬೆಕ್ಕು-ನಾಯಿ ಬಿದ್ದ ಕಥೆ ಸುಳ್ಳು

ಮಂಗಳೂರಿನಲ್ಲಿ ಮಳೆ ಹಿಡಿಯಿತೆಂದರೆ ವಾಟ್ಸಾಪ್‌ನಲ್ಲಿ ಇದು ಶುರು: ಹಿಂದೆ ಇಂಗ್ಲೆಂಡಿನ ಹುಲ್ಲಿನ ಮಾಡಿನಲ್ಲಿ ಬೆಕ್ಕು, ನಾಯಿ ಮಲಗುತ್ತಿದ್ದವಂತೆ, ಜೋರು ಮಳೆಗೆ ಜಾರಿ ಬೀಳುತ್ತಿದ್ದವಂತೆ, ಅದರಿಂದಲೇ ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಎಂಬ ಇಂಗ್ಲಿಷ್ ನುಡಿಗಟ್ಟು ಬಂತಂತೆ.

ಇದು 1999ರ ಸುಮಾರಿಗೆ ಇಮೇಲ್‌ನಲ್ಲಿ ಹಬ್ಬಿದ ಕಟ್ಟುಕತೆ. ಮುಳಿಹುಲ್ಲಿನ ಮನೆಯಲ್ಲಿ ಬೆಳೆದ ನಮ್ಮೂರ ಹಿರಿಯರನ್ನು ಕೇಳಿದರೂ ಸಾಕು. ಒತ್ತಾಗಿ ಹೊದೆಸಿದ ಇಳಿಜಾರು ಮಾಡಿನೊಳಗೆ ನೀರೇ ಇಳಿಯುವುದಿಲ್ಲ. ಬೆಕ್ಕಾದರೂ ಹತ್ತೀತು, ನಾಯಿಗೆ ಅಲ್ಲೇನು ಕೆಲಸ? ಮಳೆ ಬಂದರೆ ಅದು ಜಗಲಿಗೆ ಓಡುತ್ತದೆ!

ನಾಯಿ-ಬೆಕ್ಕುಗಳ ಮಳೆ 1651ರಲ್ಲೇ ಕವಿ ಹೆನ್ರಿ ವಾನ್ ಬರಹದಲ್ಲಿದೆ. 1738ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಇಂದಿನ ರೂಪದಲ್ಲೇ ಬಳಸಿದ. ಅರ್ಥ ಇಷ್ಟೇ, ಧೋ ಎಂದು ಮಳೆ. ಅಂದಹಾಗೆ, ಮಕ್ಕಳಿಗೆ ಹೇಳಿಕೊಡುವವರು ಗಮನಿಸಿ: ಈ ನುಡಿಗಟ್ಟು ಈಗ ಹಳೆಯ ಕಾಲದ ಮಾತು, ‘ಇಟ್ಸ್ ಪೋರಿಂಗ್’ ಅಂದರೆ ಸಾಕು.