ಗುಟ್ಟಿನ ಗೋಪುರಕ್ಕೆ ರೂಮ್ ಸರ್ವಿಸ್

ಲಂಡನ್ನಿನ ಬಿಟಿ ಟವರ್ ಐಷಾರಾಮಿ ಹೋಟೆಲ್ ಆಗಲಿದೆ. 2024ರ ಫೆಬ್ರವರಿಯಲ್ಲಿ ಬಿಟಿ, ಅಂದರೆ ಬ್ರಿಟಿಷ್ ಟೆಲಿಕಾಂ ಎಂಬ ಫೋನ್ ಕಂಪನಿ, ಅದನ್ನು ಅಮೆರಿಕದ ಎಂಸಿಆರ್ ಹೋಟೆಲ್ಸ್‌ಗೆ 27.5 ಕೋಟಿ ಪೌಂಡಿಗೆ ಮಾರಿತು. ನಮ್ಮ ಲೆಕ್ಕದಲ್ಲಿ ಸುಮಾರು 2,900 ಕೋಟಿ ರೂಪಾಯಿ. ಜಾಸ್ತಿ ಆಯ್ತು ಅನ್ನಬೇಡಿ. ಇಷ್ಟು ಎತ್ತರದ ಗುಟ್ಟು ಬೇರೆಲ್ಲಿ ಸಿಗುತ್ತೆ?

ಹೌದು, ಗುಟ್ಟು. ಗೋಪುರದ ಎತ್ತರ 177 ಮೀಟರ್. ನೆತ್ತಿಯ ಮೇಲಿನ ಆಂಟೆನಾ ಸೇರಿಸಿದರೆ 189. 1980ರ ತನಕ ಲಂಡನ್ನಿನಲ್ಲಿ ಇದನ್ನು ಮೀರಿಸಿದ ಕಟ್ಟಡ ಇರಲಿಲ್ಲ. ಆದರೂ ಸರಕಾರದ ಕಡತದಲ್ಲಿ ಇದು ರಹಸ್ಯ. ದೇಶದ ಫೋನ್ ಮಾತು, ಟಿವಿ ಚಿತ್ರ ಎಲ್ಲ ಇಲ್ಲಿಂದ ಮೈಕ್ರೋವೇವ್ ಅಲೆಗಳ ಮೇಲೆ ಹೋಗುತ್ತಿದ್ದವು. ಶತ್ರುವಿಗೆ ಗೊತ್ತಾಗಬಾರದಲ್ಲ! ಶತ್ರು ಲಂಡನ್ನಿಗೆ ಬಂದರೂ ಕತ್ತೆತ್ತಿ ನೋಡಲಾರ ಅನ್ನುವ ನಂಬಿಕೆ ಇರಬೇಕು. 1978ರಲ್ಲಿ ಅಧಿಕೃತ ರಹಸ್ಯ ಕಾಯ್ದೆಯ ಒಂದು ಮೊಕದ್ದಮೆ ನಡೆಯಿತು. ಕೋರ್ಟಿನಲ್ಲಿ ಈ ಗೋಪುರದ ಹೆಸರು ಎತ್ತುವ ಹಾಗಿರಲಿಲ್ಲ, ‘ಸ್ಥಳ 23’ ಅನ್ನಬೇಕಿತ್ತು. ಹಿಂದೆ ನಮ್ಮ ಅಜ್ಜಿಯರು ಗಂಡನ ಹೆಸರು ಹೇಳದೆ ‘ನಮ್ಮನೆಯವರು’ ಅನ್ನುತ್ತಿದ್ದರಲ್ಲ, ಹಾಗೆ. ಕೊನೆಗೆ 1993ರಲ್ಲಿ ಕೇಟ್ ಹೋಯ್ ಎಂಬ ಸಂಸದೆ ಸದನದಲ್ಲಿ ಎದ್ದು ನಿಂತರು. ಸದನದಲ್ಲಿ ಆಡಿದ ಮಾತಿಗೆ ಕೇಸು ಹಾಕುವಂತಿಲ್ಲ ಎಂಬ ರಕ್ಷಣೆ ತಮಗೂ ಇದೆ ಎಂದು ನಂಬಿಕೊಂಡು, ಟವರ್ ಇರುವುದು ನಿಜ, ವಿಳಾಸ 60 ಕ್ಲೀವ್‌ಲ್ಯಾಂಡ್ ಸ್ಟ್ರೀಟ್ ಎಂದು ಬಯಲು ಮಾಡಿಯೇಬಿಟ್ಟರು. ಅಷ್ಟು ಹೊತ್ತಿಗೆ ಗೋಪುರಕ್ಕೆ ಸುಮಾರು ಮೂವತ್ತು ವರ್ಷ.

ಇನ್ನೂ ಮಜಾ ಇದೆ. ಈ ಗುಟ್ಟಿಗೆ ಟಿಕೆಟ್ ಇತ್ತು! 1965ರಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಉದ್ಘಾಟಿಸಿದರು. ಆಗ ಅದು ಅಂಚೆ ಇಲಾಖೆಯದು, ಹೆಸರು ಪೋಸ್ಟ್ ಆಫೀಸ್ ಟವರ್. ಮರುವರ್ಷ ಮೇ ತಿಂಗಳಲ್ಲಿ ಜನರಿಗೆ ಬಾಗಿಲು ತೆರೆದರು. 34ನೇ ಮಹಡಿಯಲ್ಲಿ ತಿರುಗುವ ರೆಸ್ಟೋರೆಂಟ್. ನಡೆಸುತ್ತಿದ್ದವರು ಬಿಲ್ಲಿ ಬಟ್ಲಿನ್, ಕಾರ್ಮಿಕ ಕುಟುಂಬಗಳಿಗೆ ಕಡಿಮೆ ಖರ್ಚಿನ ರಜಾ ಶಿಬಿರ ಕಟ್ಟಿ ಹೆಸರಾದವರು. ಒಂದು ಸುತ್ತಿಗೆ ಸುಮಾರು 22 ನಿಮಿಷ. ಕೈತೊಳೆಯಲು ಎದ್ದು ಹೋದರೆ ವಾಪಸ್ ಬರುವಷ್ಟರಲ್ಲಿ ನಿಮ್ಮ ಟೇಬಲ್ಲು ಬೇರೆ ಬಡಾವಣೆ ನೋಡುತ್ತಿರುತ್ತದೆ. ಬೆಂಕಿ ಬಿದ್ದರೆ ಲಿಫ್ಟ್ ಹತ್ತಬಾರದು ಅಂತ ಎಲ್ಲ ಕಡೆ ಬೋರ್ಡ್ ಇರುತ್ತೆ, ಅಲ್ವಾ? ಇಲ್ಲಿ ಲಿಫ್ಟಿನಲ್ಲೇ ಇಳಿಯಬೇಕು. ಅದಕ್ಕಾಗಿ ಸಂಸತ್ತು ಪ್ರತ್ಯೇಕ ಕಾನೂನು ಮಾಡಿತು. ಕಟ್ಟಡ ಗುಟ್ಟು, ಅದರ ಲಿಫ್ಟು ಮಾತ್ರ ಕಾನೂನಿನ ಪುಸ್ತಕದಲ್ಲಿ.

1971ರ ಅಕ್ಟೋಬರ್ 31ರ ನಸುಕಿನಲ್ಲಿ ರೆಸ್ಟೋರೆಂಟಿನ ಗಂಡಸರ ಟಾಯ್ಲೆಟ್ಟಿನಲ್ಲಿ ಬಾಂಬ್ ಸಿಡಿಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಊರು ನೋಡುವ ಗ್ಯಾಲರಿಗಳು ಬಂದ್ ಆದವು. 1980ರಲ್ಲಿ ರೆಸ್ಟೋರೆಂಟೂ ಮುಚ್ಚಿತು. ಅಂಚೆ ಇಲಾಖೆಯ ಫೋನ್ ವಿಭಾಗವೇ ಬಿಟಿ ಆಗಿ, 1984ರಲ್ಲಿ ಖಾಸಗಿಯಾಯಿತು. ಆದರೆ ಮೇಲಿನ ಮಹಡಿ ತಿರುಗುವುದು ಪೂರ್ತಿ ನಿಲ್ಲಲಿಲ್ಲ. ಕಂಪನಿಯ ಅತಿಥಿಗಳು ಬಂದಾಗ, ದತ್ತಿ ಕಾರ್ಯಕ್ರಮ ಇದ್ದಾಗ ತಿರುಗುತ್ತಿತ್ತು. ಟಿಕೆಟ್ ತಗೊಂಡವರಿಗೆ ಅಪಾಯ, ಆಮಂತ್ರಣ ಪತ್ರಿಕೆ ಇದ್ದವರಿಗೆ ಏನೂ ಇಲ್ಲ. ಭದ್ರತೆ ಅಂದರೆ ಇದೇ ತಾನೇ?

ಈಗ ಹೋಟೆಲ್. ಮಾರಾಟದ ಹೊತ್ತಿಗೆ ವಿನ್ಯಾಸಕ್ಕೆ ಹೀದರ್‌ವಿಕ್ ಸ್ಟುಡಿಯೋ ಹೆಸರು ಬಂದಿತ್ತು. ವಿನ್ಯಾಸ ಮಾಡುವವರ ಕಷ್ಟ ಯಾರಿಗೂ ಬೇಡ. ಈ ಗೋಪುರ ಕಟ್ಟಿದ್ದೇ ಯಂತ್ರಗಳಿಗೆ. ಕೆಳಗಿನ 16 ಮಹಡಿ ಉಪಕರಣಗಳಿಗೆ, ಅದರ ಮೇಲೆ 35 ಮೀಟರ್ ಆಂಟೆನಾಗಳಿಗೆ, ಅದಕ್ಕೂ ಮೇಲೆ ಉಳಿದದ್ದರಲ್ಲಿ ಮನುಷ್ಯರು. ಯಂತ್ರ ಬೆಳಗಿನ ತಿಂಡಿ ಕೇಳುವುದಿಲ್ಲ, ದಿಂಬು ಗಟ್ಟಿಯಾಯ್ತು ಅಂತ ರಿಸೆಪ್ಷನ್ನಿಗೆ ಫೋನ್ ಮಾಡುವುದಿಲ್ಲ. ಮೇಲಾಗಿ ಗೋಡೆ ದುಂಡಗಿದೆ. ಮಂಚದ ತಲೆಭಾಗವನ್ನು ಹೊರಗೋಡೆಗೆ ಒತ್ತಿದರೆ ಎರಡು ಮೂಲೆ ತಾಗುತ್ತವೆ, ನಡುವೆ ಸಂದು ಉಳಿಯುತ್ತದೆ. ಫೋನು ಜಾರಿ ಬೀಳಲು ಹೇಳಿ ಮಾಡಿಸಿದ ಸಂದು. ಇಡೀ ದೇಶಕ್ಕೆ ಫೋನ್ ಜೋಡಿಸಿದ ಕಟ್ಟಡದಲ್ಲಿ ಅತಿಥಿ ಮಹಾಶಯರು ಮಂಡಿಯೂರಿ ಮಂಚದ ಕೆಳಗೆ ಫೋನು ಹುಡುಕುವ ದೃಶ್ಯವನ್ನು ನಾನಂತೂ ದುಡ್ಡು ಕೊಟ್ಟು ನೋಡುತ್ತೇನೆ.

ಒಡೆದು ಹಾಕುವ ಹಾಗಿಲ್ಲ. 2003ರಲ್ಲೇ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದೆ. ಆ ದೊಡ್ಡ ದೊಡ್ಡ ಡಿಶ್‌ಗಳು ಮಾತ್ರ ಶಿಥಿಲವಾಗಿ 2011ರಲ್ಲಿ ಕೆಳಗಿಳಿದವು. ಪಾಳು ಬೀಳುವುದಕ್ಕಿಂತ ಹೋಟೆಲ್ ವಾಸಿ, ಒಪ್ಪೋಣ. ಎಂಸಿಆರ್‌ಗೆ ಅನುಭವವೂ ಇದೆ. ನ್ಯೂಯಾರ್ಕಿನಲ್ಲಿ ಟಿಡಬ್ಲ್ಯುಎ ಎಂಬ ವಿಮಾನ ಕಂಪನಿಯ 1962ರ ನಿಲ್ದಾಣದ ಕಟ್ಟಡವನ್ನು 2019ರಲ್ಲಿ ಹೋಟೆಲ್ ಮಾಡಿದವರು ಅವರೇ. ವಿಮಾನ ಹತ್ತಲು ಬಂದವರು ಬೈದುಕೊಂಡು ಕಾಯುತ್ತಿದ್ದ ಜಾಗದಲ್ಲಿ ಈಗ ಕಾಯುವುದಕ್ಕೇ ದುಡ್ಡು ಕೊಡುತ್ತಾರೆ. ಲಂಡನ್ನಿನಲ್ಲೂ ‘ಸ್ಥಳ 23’ ಅಂತ ಒಂದು ಬಾರ್ ಬರದಿದ್ದರೆ ಕೇಳಿ. ಗುಟ್ಟಾಗಿ ಒಂದು ಪೆಗ್, ಬಿಲ್ಲು ಮಾತ್ರ ಬಹಿರಂಗ.

ಬಿಟಿ ತನ್ನ ಸಾಮಾನು ಖಾಲಿ ಮಾಡಲು ಇನ್ನೂ ವರ್ಷಗಳು ಬೇಕಂತೆ. ಬೇಕಾದಷ್ಟು ತಗೊಳ್ಳಲಿ. ಒಂದು ಟಾಯ್ಲೆಟ್ಟು ಕಾಯಲಾಗದೆ ಇಡೀ ಊರನ್ನು ಹೊರಗಿಟ್ಟ ಗೋಪುರದಲ್ಲಿ ಇನ್ನು ರೂಮಿಗೊಂದು ಟಾಯ್ಲೆಟ್ಟು ಕಟ್ಟಬೇಕು. ಒಳಗಡೆ ಚಿಲಕ ಇಡಬೇಕು, ಹೊರಗಡೆ ‘ತೊಂದರೆ ಕೊಡಬೇಡಿ’ ಅಂತ ಬೋರ್ಡೂ ತೂಗುಹಾಕಬೇಕು.