ಬಾಕಿ ಶೂನ್ಯ!

ರಾಯಚೂರಿನ ಒಂದು ಸರ್ಕಾರಿ ಕಚೇರಿಗೆ ಆಧುನಿಕ ಮ್ಯಾನೇಜ್‌ಮೆಂಟ್ ಬಂದಿಳಿದಿದೆ. ಅದೂ ಏಪ್ರಿಲ್ ತಿಂಗಳಲ್ಲಿ, ಧೈರ್ಯವನ್ನು ಮೆಚ್ಚಲೇಬೇಕು. ಬಿಸಿಲಿನ ಕೃಪೆಯಿಂದ ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಆ ಐದೂವರೆ ತಾಸಿನಲ್ಲಿ ಎರಡೂವರೆ ತಾಸನ್ನು ‘ಸಮಯ ನಿರ್ವಹಣೆ’ಯ ತರಬೇತಿಗೆ ತೆಗೆದಿಡಲಾಗಿತ್ತು. ಹತ್ತೂವರೆಯ ತರಬೇತಿ ಹನ್ನೊಂದೂಕಾಲಿಗೆ ಶುರುವಾಯಿತು. ಉದ್ಘಾಟಿಸಬೇಕಿದ್ದ ಸಾಹೇಬರು ಕಾರ್ಯದಕ್ಷತೆಯ ಇನ್ನೊಂದು ಸಭೆಯಲ್ಲಿ ಸಿಕ್ಕಿಕೊಂಡಿದ್ದರು. ದೀಪ ಆರಬಾರದೆಂದು ಫ್ಯಾನ್‌ಗಳನ್ನೆಲ್ಲ ಬಂದ್ ಮಾಡಿಸಿದರು. ರಾಯಚೂರು, ಏಪ್ರಿಲ್, ಫ್ಯಾನ್ ಇಲ್ಲ. ಐದು ಬತ್ತಿಗಳನ್ನು ಐವರು ಗಣ್ಯರು ಒಂದೊಂದಾಗಿ ಹೊತ್ತಿಸಿದರು.

ಬೆಂಗಳೂರಿನಿಂದ ಬಂದ ತರಬೇತುದಾರರು ಫ್ರೆಡರಿಕ್ ಟೇಲರ್‌ನನ್ನು ನೆನೆದು ಆರಂಭಿಸಿದರು. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ 12.5 ಟನ್ ಬೀಡುಕಬ್ಬಿಣ ಹೊರುತ್ತಿದ್ದ ಆಳಿನಿಂದ 47.5 ಟನ್ ಹೊರಿಸಿದೆನೆಂದು ಈ ಅಮೆರಿಕದ ಎಂಜಿನಿಯರ್ 1911ರ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಕೂಲಿ 1.15 ಡಾಲರ್‌ನಿಂದ 1.85 ಡಾಲರ್‌ಗೆ ಏರಿತಂತೆ. ಹೊರೆ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಅಲ್ಲ. ಇದನ್ನು ನಮ್ಮೂರ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ಹಮಾಲರ ಮುಂದೆ ಹೇಳಿ ನೋಡಿ. ಚೀಲದ ಕೊಕ್ಕೆ ಕೆಳಗಿಟ್ಟು, ‘ನಮ್ಮ ಅಡತಿ ಸಾಹುಕಾರರು ಇದನ್ನು ಯಾವ ಪುಸ್ತಕವನ್ನೂ ಓದದೆ ಮಾಡುತ್ತಾರೆ’ ಎಂದಾರು.

ಆಮೇಲೆ ಜಪಾನ್. ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡಲು ಅಲ್ಲಿನವರು ಕಂಡುಕೊಂಡ ಸೈರಿ, ಸೈಟೋನ್, ಸೈಸೋ, ಸೈಕೆತ್ಸು, ಶಿತ್ಸುಕೆ (ಬೇಡದ್ದನ್ನು ಬೇರ್ಪಡಿಸು, ಬೇಕಾದ್ದನ್ನು ಜೋಡಿಸು, ಶುಚಿಗೊಳಿಸು, ಅದನ್ನೇ ನಿಯಮವಾಗಿಸು, ಶಿಸ್ತು ಕಾಯ್ದುಕೋ) ಎಂಬ ಪಂಚಾಕ್ಷರಿ. ಬೇಡದ ವಸ್ತುಗಳಿಗೆಲ್ಲ ಕೆಂಪು ಚೀಟಿ ಅಂಟಿಸಬೇಕು, ಉಳಿದವುಗಳ ಜಾಗಕ್ಕೆ ನೆಲದ ಮೇಲೆ ಹಳದಿ ಗೆರೆ ಎಳೆಯಬೇಕು. ಸಿಬ್ಬಂದಿ ಭಕ್ತಿಯಿಂದ ಅಂಟಿಸಿದರು. ಆದರೆ ಮುರಿದ ಸ್ಟೂಲನ್ನು ವಿಲೇವಾರಿ ಮಾಡಲು ಮೇಲಿನವರ ಅನುಮತಿ ಬೇಕು, ಅನುಮತಿಗೆ ಕಡತ ಬೇಕು. ಒಂದೊಂದು ಕೆಂಪು ಚೀಟಿಗೂ ಒಂದೊಂದು ಹೊಸ ಕಡತ ಹುಟ್ಟಿತು. ಅವನ್ನೆಲ್ಲ ಇಡಲು ಹೊಸ ಬೀರು ಬಂತು, ಅದರ ಸುತ್ತ ಹಳದಿ ಗೆರೆ ಬಂತು.

ಗೆರೆ ತಪ್ಪದ ಏಕೈಕ ವಸ್ತುವೆಂದರೆ ಪ್ರಥಮ ದರ್ಜೆ ಸಹಾಯಕರ ಕುರ್ಚಿ. ಚೌಕದೊಳಗೆ ಒಂದಿಂಚೂ ಅಲುಗದೆ ನಿಂತಿದೆ, ಏಕೆಂದರೆ ಅಲುಗಿಸುವವರಿಲ್ಲ, ಹುದ್ದೆ ಖಾಲಿ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಯೇನೋ ಭದ್ರವಾಗಿದೆ, ಕೂರುವ ಮನುಷ್ಯ ಮಾತ್ರ ಬಂದಿಲ್ಲ. ತರಬೇತುದಾರರು ಆ ಕುರ್ಚಿಯ ಶಿಸ್ತನ್ನು ಬಹಳ ಹೊಗಳಿ ಫೋಟೊ ತೆಗೆದುಕೊಂಡರು.

ಆ ಕುರ್ಚಿಯ ಕೆಲಸವನ್ನೂ ಸೇರಿಸಿ ಮೂವರ ಕೆಲಸ ಮಾಡುವ ದ್ವಿತೀಯ ದರ್ಜೆ ಸಹಾಯಕಿಗೆ ಈಗ ಅರ್ಧ ತಾಸಿಗೊಮ್ಮೆ ತಾನೇನು ಮಾಡಿದೆನೆಂದು ಬರೆಯುವ ನಮೂನೆಯೊಂದನ್ನು ಕೊಟ್ಟಿದ್ದಾರೆ. ಪ್ರಾಮಾಣಿಕಳು, ‘10ರಿಂದ 10.30: ಈ ನಮೂನೆಯನ್ನು ತುಂಬಿದ್ದೇನೆ’ ಎಂದು ಬರೆದಿದ್ದಾಳೆ.

ಇಷ್ಟಾದರೂ ಗೋಡೆಯ ಪರದೆ ಹಸಿರು ಹಸಿರಾಗಿ ‘ಬಾಕಿ ಶೂನ್ಯ’ ಎಂದು ಹೊಳೆಯುತ್ತಿದೆ. ಹೇಗೆ? ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 2011ರ ಸಕಾಲ ಕಾಯ್ದೆಯ ಪ್ರಕಾರ ಅರ್ಜಿಗೆ ಸ್ವೀಕೃತಿ ಸಂಖ್ಯೆ ಕೊಡಬೇಕು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೊಡಬೇಕು. ಕಾಯ್ದೆಯ ಬಗ್ಗೆ ತಕರಾರಿಲ್ಲ. ಆದರೆ ದೇವದುರ್ಗದ ಕಡೆಯಿಂದ ಬಸ್ಸು ಹಿಡಿದು ಬಂದ ರೈತನಿಗೆ ಕಿಟಕಿಯಿಂದ ಸಿಗುವ ಉತ್ತರವೇ ಬೇರೆ: ‘ಅರ್ಜಿ ಇಟ್ಟು ಹೋಗಪ್ಪ, ಸರ್ವರ್ ಬಂದ ಮೇಲೆ ಹತ್ತಿಸುತ್ತೇವೆ.’ ಹುಟ್ಟದ ಮಗುವಿಗೆ ವಯಸ್ಸಾಗುವುದಿಲ್ಲ. ಕೆಲಸ ಮುಗಿದ ದಿನ ಅರ್ಜಿಯನ್ನು ಹತ್ತಿಸುತ್ತಾರೆ, ಅಂದೇ ವಿಲೇವಾರಿ ಮಾಡುತ್ತಾರೆ. ಒಂದೇ ದಿನದಲ್ಲಿ ಸೇವೆ! ಜಪಾನಿನವರಿಗೂ ಇದು ಹೊಳೆದಿರಲಾರದು.

ಸಹಜವಾಗಿಯೇ ಇದು ಮಾದರಿ ಕಚೇರಿಯಾಗಿ ಆಯ್ಕೆಯಾಗಿದೆ. ಕೊಪ್ಪಳ, ಬಳ್ಳಾರಿಗಳಿಂದ ಅಧಿಕಾರಿಗಳ ತಂಡ ಮುಂದಿನ ವಾರ ನೋಡಲು ಬರುತ್ತದೆ. ಅಂದು ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂಬ ಸೂಚನೆಯನ್ನು ಈಗಲೇ ಬಾಗಿಲಿಗೆ ಅಂಟಿಸಿದ್ದಾರೆ. ಈ ಕಚೇರಿಯಲ್ಲಿ ಗಡುವಿಗೆ ಮೊದಲೇ ಮುಗಿದ ಕೆಲಸ ಅದೊಂದೇ.